ಉಳಿದ ಲಸಿಕೆ

ಕೊಕ್ಕರೆ ರೋಗದ ಲಸಿಕೆ ಒಂದು ಸೀಸೆ ನೂರು ಕೋಳಿಗೆ ಬರುತ್ತದೆ. ಒಡೆದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದು ದಂಡ. ಯಲಹಂಕದ ಹತ್ತಿರದ ಸಿಂಗಾಪುರದಲ್ಲಿ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ನಾನು ಸಾಕಿದ್ದು ಎಂಬತ್ತೇ ನಾಟಿ ಕೋಳಿ. ಇಪ್ಪತ್ತು ಕೋಳಿಯ ಮದ್ದು ಚೆಲ್ಲುವುದನ್ನು ನೆನೆದು ಹಿಂದಿನ ದಿನದಿಂದಲೇ ಕೂತಲ್ಲಿ ಕೂರಲಾಗಲಿಲ್ಲ. ಸೊಪ್ಪಿನವಳ ಹತ್ತಿರ ಕೊಸರಿನ ಕರಿಬೇವನ್ನೂ ಬಿಡದವಳು ನಾನು.

ಪಕ್ಕದ ಮನೆಯ ಅಕ್ಕ ಈ ಊರಲ್ಲೇ ಹುಟ್ಟಿದವರು. ಗಂಡ ಹೋದ ಮೇಲೆ ಮನೆ ಭಣಭಣ ಅನ್ನುತ್ತದೆ, ನಾನೂ ನಾಲ್ಕು ಕೋಳಿ ಸಾಕಬೇಕು ಅನ್ನುತ್ತಿದ್ದರು. ಗೋಡೆಯ ಮೇಲಿಂದ ಸಲಹೆ ಕೊಟ್ಟೆ.

"ಅಕ್ಕಾ, ನಾಳೆನೇ ಯಲಹಂಕದಿಂದ ಹನ್ನೆರಡು ಹ್ಯಾಟೆ ಕೋಳಿ ತಂದ್ಬಿಡಿ. ನಮ್ಮ ಸೀಸೇಲೇ ನಿಮ್ಮದೂ ಆಗೋಗುತ್ತೆ."

ತಂದರು. ಹನ್ನೆರಡನ್ನೂ ಒಂದೇ ಮಂಕರಿಗೆ ತುರುಕಿ, ಆಟೋದಲ್ಲಿ, ಬಿಸಿಲಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು. ಇಳಿಸಿದಾಗ ರೆಕ್ಕೆ ಜೋಲಿಸಿ, ಬಾಯಿ ತೆರೆದು ಏದುತ್ತಿದ್ದವು. ನನ್ನ ಎಂಬತ್ತಕ್ಕೂ ಚುಚ್ಚಿ ಮುಗಿಸಿದ್ದ ಪಶು ಆಸ್ಪತ್ರೆಯ ಕಾಂಪೌಂಡರ್ ಇವನ್ನು ನೋಡಿ ಸೂಜಿ ಕೆಳಗಿಟ್ಟರು.

"ಸುಸ್ತಾಗವೆ ಕಣಮ್ಮ. ಒಂದ್ ವಾರ ಸುಧಾರಿಸ್ಕೊಳ್ಳಲಿ. ಈಗ ಹಾಕಿದ್ರೆ ಮೈಗೆ ಹತ್ತಲ್ಲ."

"ಒಡೆದಿರೋ ಸೀಸೆ ಸಾರ್. ಚೆಲ್ಲೋ ಬದಲು ಹಾಕಿ. ಹೋಗೋದೇನಿದೆ?"

ಹತ್ತು ನಿಮಿಷ ಚೌಕಾಸಿ ಮಾಡಿದೆ. ಗೆದ್ದೆ.

ಮೂರು ವಾರಕ್ಕೆ ನಮ್ಮ ಬೀದಿಗೆ ಕೊಕ್ಕರೆ ರೋಗ ಬಂತು. ನನ್ನ ಕೋಳಿಗಳಿಗೆ ಕಾಳು ಎರಚುವಾಗಲೂ ಕಿವಿ ಗೋಡೆಯಾಚೆಗೇ. ಅಲ್ಲಿ ಹಸಿರು ಹಿಕ್ಕೆ, ತಿರುಚಿದ ಕುತ್ತಿಗೆ. ಬೆಳಿಗ್ಗೆ ಒಂದು, ಸಂಜೆ ಎರಡು. ವಾರದೊಳಗೆ ಹತ್ತು ಹೋದವು, ಕುತ್ತಿಗೆ ಸೊಟ್ಟಗಾಗಿ ಉಳಿದಿದ್ದ ಎರಡೂ ಆಮೇಲೆ ಹೋದವು. ನನ್ನ ಎಂಬತ್ತು ಗಟ್ಟಿಯಾಗಿ ನಿಂತವು. ಅದೇ ಸೀಸೆ, ಅದೇ ಕೈ, ಅದೇ ಬೆಳಿಗ್ಗೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಮದ್ದು ಒಳಗೆ ಹೋದರಾಗಲಿಲ್ಲ, ಅದರಿಂದ ಶಕ್ತಿ ಕಟ್ಟಿಕೊಳ್ಳಬೇಕಾದ್ದು ಕೋಳಿಯ ಮೈ. ಆ ಮೈ ಬಿಸಿಲು, ಬಾಯಾರಿಕೆ, ಹೆದರಿಕೆಗಳಲ್ಲೇ ಸೋತಿತ್ತು. ಕೋಳಿ ಸಾಕುವವರು ಇಷ್ಟು ಕೇಳಿ: ಜಾಗ ಬದಲಾಯಿಸಿದ ಕೋಳಿಗೆ ಮೊದಲು ನೆರಳು, ನೀರು, ಗದ್ದಲವಿಲ್ಲದ ಮೂಲೆ. ಸೂಜಿ ಆಮೇಲೆ. ಸೀಸೆಯಲ್ಲಿ ಉಳಿದರೆ ಉಳಿಯಲಿ.

ಗೂಡಿಗೆ ಸುಣ್ಣ ಬಳಿದು, ತಿಂಗಳುಗಟ್ಟಲೆ ಖಾಲಿ ಬಿಟ್ಟು, ಅಕ್ಕ ಮತ್ತೆ ಹತ್ತು ಹ್ಯಾಟೆ ತಂದರು. ಈ ಸಲ ತಂಪು ಹೊತ್ತಿನಲ್ಲಿ, ಎರಡು ಮಂಕರಿಯಲ್ಲಿ. ಸೂಜಿಗೆ ಒಂದು ವಾರವಿತ್ತು. ನನಗೆ ತಡೆಯದು. ದಿನಕ್ಕೆ ಐದು ಸಲ ಹೋಗಿ, ನೀರು ಬದಲಿಸಿ, ಒಂದೊಂದನ್ನೇ ಎತ್ತಿ ಕಣ್ಣು, ಮೂಗು ನೋಡಿ ಬರುತ್ತಿದ್ದೆ. ನಾಲ್ಕನೆಯ ದಿನ ನನ್ನ ಸೀರೆ ಕಂಡದ್ದೇ ಅವು ಕಿರುಚಿ, ಒಂದರ ಮೇಲೊಂದು ಬಿದ್ದು ಮೂಲೆಗೆ ನುಗ್ಗಿದವು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಓಗಮ್ಮ ತಾಯಿ, ನಿನ್ ಮನೇಗೆ. ಅವುಕ್ಕೆ ಈಗ ಬಿಸ್ಲೂ ಇಲ್ಲ, ಆಟೋನೂ ಇಲ್ಲ. ನೀನೊಬ್ಳೇ ಕಾಟ."

ಗೇಟಿಗೆ ಚಿಲಕ ಹಾಕಿಕೊಂಡರು. ಉಳಿದ ಮೂರು ದಿನ ನಾನು ಗೋಡೆಯ ಈಚೆಯೇ ಓಡಾಡಿದೆ.