ಪಕ್ಕದ ಮನೆಯ ಪಾಪ್ ಗಾಯಕರು

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯ ಹಾಡುಗಾರರು ಹಾಲಿನವನ ಜೊತೆ ಮಾತಾಡುವಾಗಲೂ ಕಿವಿಗೆ ಕೈ ಹಚ್ಚಿಕೊಳ್ಳುತ್ತಿದ್ದರು. ಹರೆಯದಿಂದಲೂ ತಾವೇ ಕಟ್ಟಿದ ಪದಗಳನ್ನು ಹಾಡಿದವರು. ಪಕ್ಕದಲ್ಲಿ ಕೂತು ದಮ್ಮಡಿ ಬಾರಿಸಿ ತಾಳ ಹಿಡಿಯುತ್ತಿದ್ದವರು ಅವರ ಹೆಂಡತಿ.

ಅರವತ್ತು ದಾಟಿದ ಮೇಲೆ ಅವರಿಗೆ ಪಾಪ್ ಆಲ್ಬಮ್ ಮಾಡುವ ಮನಸ್ಸಾಯಿತು. ಮೀಸೆ ಕಪ್ಪಾಯಿತು. ಗುಡೇಕೋಟೆಯ ಬಂಡೆಗಳ ಮೇಲೆ ತಂಪು ಕನ್ನಡಕ ಹಾಕಿಕೊಂಡು ಕುಣಿದು ವಿಡಿಯೊ ಮಾಡಿಸಿದರು. ಸಿಕ್ಕವರಿಗೆಲ್ಲ, “ಕಾಲ ಬದಲಾಗೈತ್ರಿ” ಎನ್ನುತ್ತಿದ್ದರು. ಹೆಂಡತಿಗೂ ಅದನ್ನೇ ಹೇಳಿದರು: “ಕಾಲ ಬದಲಾಗೈತಿ. ಈಗ ತಾಳ ಎಲ್ಲಾ ಕಂಪ್ಯೂಟರ್ ಹಾಕತೈತಿ. ನೀ ಆರಾಮ ಇರು.” ಆಕೆ ದಮ್ಮಡಿಯನ್ನು ಅಟ್ಟಕ್ಕೆ ಹಾಕಿದರು.

ಆಲ್ಬಮ್ ಬಿಡುಗಡೆ ಕೂಡ್ಲಿಗಿಯಲ್ಲಿ. ನಾವೂ ಹೋಗಿದ್ದೆವು. ಭಾಷಣಗಳೆಲ್ಲ ಮುಗಿದ ಮೇಲೆ ಪೆನ್‌ಡ್ರೈವ್ ಹಾಕಿದರು. ಸ್ಪೀಕರ್ ಉಸಿರೆತ್ತಲಿಲ್ಲ.

“ಬಾಯಿಲೇ ಹಾಡ್ರಿ ಮತ್ತ,” ಎಂದರು ಜನ.

ಹಾಡುಗಾರರು ಮುಂದಿನ ಸಾಲಿನಲ್ಲಿದ್ದ ಹೆಂಡತಿಯತ್ತ ಬಾಗಿ, “ಮ್ಯಾಲ ಬಾ. ಕೈಲೆ ಆದ್ರೂ ತಾಳ ಹಾಕು,” ಎಂದರು.

“ನಾ ಇವತ್ತು ಕೇಳಾಕ ಬಂದೀನ್ರಿ,” ಎಂದು ಆಕೆ ಸೆರಗು ಸರಿಪಡಿಸಿಕೊಂಡು ಕೂತರು.

ಹಾಡುಗಾರರು ಒಬ್ಬರೇ ಹಾಡಿದರು. ಎರಡನೇ ನುಡಿಯಲ್ಲಿ ತಾಳ ತಪ್ಪಿ, ನಿಂತೇಬಿಟ್ಟರು. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಆಕೆಯೇ.