ಮಾದಕ್ಕನ ಮೊದಲ ತಟ್ಟೆ

ಮಾದಕ್ಕ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ನಮ್ಮ ಬಟ್ಟೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರು ಸೌಟು ಹಿಡಿದು ನಿಂತರೆಂದರೆ, ಸಾಲಿನಲ್ಲಿ ಬರುವವರಿಗೆಲ್ಲ ಅವರವರ ಊಟವೇ ಹೆಸರು. ನೇಯ್ಗೆ ವಿಭಾಗದ ದಪ್ಪ ಮೀಸೆಯವರು 'ಎರಡ್ಮುದ್ದೆ'. ಆಫೀಸಿನ ಮೇಡಂ 'ಬರೀ ಮಜ್ಗೆ'. ಮ್ಯಾನೇಜರಿಗೂ ವಿನಾಯಿತಿ ಇರಲಿಲ್ಲ. ಬೆನ್ನ ಹಿಂದೆ, ಕೆಲವು ಸಲ ಮುಖದ ಮುಂದೆಯೂ, ಅವರು 'ಉಪ್ಪಿನ್ ಸಾಹೇಬ್ರು'.

ಆ ಹೆಸರಿಗೆ ಕಾರಣವಿತ್ತು. ಬಡಿಸುವ ಮುಂಚೆ ಅಡುಗೆಯವರು ಬಾಯಿಗೆ ಹಾಕಿಕೊಂಡರೆ ಎಂಜಲು ಎನ್ನುವುದು ಮಾದಕ್ಕನ ಕಟ್ಟುನಿಟ್ಟು. ಬೆಂದ ವಾಸನೆಯಲ್ಲೇ ಅವರಿಗೆ ಎಲ್ಲ ತಿಳಿಯುತ್ತಿತ್ತು. ಆದರೆ ಯಾರಾದರೂ ರುಚಿ ನೋಡಲೇಬೇಕು ಎನ್ನುವುದು ಆಡಳಿತದವರ ಹಟ. ಆದ್ದರಿಂದ ಊಟದ ಗಂಟೆಗೆ ಮೊದಲು ಒಂದು ತಟ್ಟೆ ಮ್ಯಾನೇಜರಿಗೆ ಹೋಗಬೇಕು, ಅವರು ರುಚಿ ನೋಡಿ ಹೂಂ ಅನ್ನಬೇಕು, ಆಮೇಲೆ ಸಾಲು. ಸಾಹೇಬರು ಒಂದು ತುತ್ತು ತಿಂದು ದಿನವೂ ಒಂದೇ ಮಾತು ಹೇಳುತ್ತಿದ್ದರು, "ಉಪ್ಪು ಕಮ್ಮಿ." ಮಾದಕ್ಕ "ಆಯ್ತು ಸಾ" ಎಂದು ಒಳಗೆ ಬಂದು, ಉಪ್ಪಿನ ಡಬ್ಬಿಯ ಮುಚ್ಚಳ ಜೋರಾಗಿ ಸದ್ದು ಮಾಡಿ, ಏನೂ ಹಾಕದೆ ಇಟ್ಟುಬಿಡುತ್ತಿದ್ದರು.

"ಸದ್ದು ಕೇಳುದ್ರೆ ಸಾಕು ಕಣಮ್ಮಿ, ಅವ್ರ ನಾಲ್ಗೆ ಸರೋಯ್ತದೆ."

ನಾನು ಬೇಗೂರಿನವಳು. ಗಂಡ ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದಾಗ ಈ ಕೆಲಸಕ್ಕೆ ಸೇರಿದೆ. ಮನೆಮಂದಿಗೆ ಮುದ್ದೆ ಮಾಡಿ ಗೊತ್ತಿತ್ತೇ ಹೊರತು ಅಷ್ಟು ದೊಡ್ಡ ಪಾತ್ರೆಯಲ್ಲಿ ಹಿಟ್ಟು ತೊಳಸಿ ಗೊತ್ತಿರಲಿಲ್ಲ. ಮೊದಲ ದಿನವೇ ಹಿಟ್ಟೆಲ್ಲ ಗಂಟು ಗಂಟು. ಮಾದಕ್ಕ ನನ್ನ ಅವ್ವನನ್ನೂ ಸೇರಿಸಿ ಬೈದರು. ಅಷ್ಟರಲ್ಲಿ ಕಂಟ್ರಾಕ್ಟರ್ ಬಂದು, ಇದ್ಯಾರ ಕೆಲಸ ಎಂದು ಕೇಳಿದ. "ನಂದೇಯ. ರಟ್ಟೇಲಿ ಮೊದ್ಲಿನ್ ಕಸುವಿಲ್ಲ. ಏನೀಗ?" ಎಂದು ಮಾದಕ್ಕ ಅವನ ಮುಂದೆ ಸೌಟು ಹಿಡಿದು ನಿಂತರು. ಆ ಹೊತ್ತಿನಿಂದ ನಾನು ಅವರ ಹಿಂದೆಯೇ ಓಡಾಡಿಕೊಂಡಿದ್ದೆ.

ಕಂಟ್ರಾಕ್ಟರ್ ಎಂದೆನಲ್ಲ, ನಮ್ಮ ಕಷ್ಟ ಅಲ್ಲೇ ಇದ್ದದ್ದು. ಕ್ಯಾಂಟೀನಿನವರು ಕಾರ್ಖಾನೆಯ ನೌಕರರಲ್ಲ, ಕಂಟ್ರಾಕ್ಟರನ ಆಳುಗಳು ಎಂದು ಆಡಳಿತದವರು ಹೇಳುತ್ತಿದ್ದರು. ಪ್ಯಾಕಿಂಗಿನ ಸುಮ ನಮ್ಮೂರಿನವಳೇ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಚಾಮರಾಜನಗರದ ಬಸ್ಸು ಹಿಡಿದು, ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತಿದ್ದೆವು. ಸಂಬಳದಲ್ಲಿ ಮಾತ್ರ ನಾನು ಅವಳ ಅರ್ಧಕ್ಕೂ ಬರುತ್ತಿರಲಿಲ್ಲ. ಹಬ್ಬದ ಬೋನಸ್ಸು ಅವಳಿಗೆ, ಹಬ್ಬದ ಪಾಯಸ ಕಲಕುವುದು ನನಗೆ.

ನಮಗೂ ಖಾಯಂ ನೌಕರರ ಸಮನಾದ ಸಂಬಳ ಕೊಡಿ ಎಂದು ಅರ್ಜಿ ಹಾಕುವ ಮಾತು ಬಂದಾಗ ಕಂಟ್ರಾಕ್ಟರ್ ನೇರವಾಗಿಯೇ ಹೇಳಿದ, ಸಹಿ ಹಾಕಿದವರು ಮುಂದಿನ ತಿಂಗಳು ಗೇಟಿನ ಆಚೆ. ನಾವೆಲ್ಲ ತಲೆ ತಗ್ಗಿಸಿ ಈರುಳ್ಳಿ ಹೆಚ್ಚುತ್ತಾ ಕೂತೆವು. ಮಾದಕ್ಕ ಕೈ ಒರೆಸಿಕೊಂಡು ಬಂದರು.

"ನನ್ ಹೆಸ್ರ ಮೊದ್ಲು ಬರಿ ಅಮ್ಮಿ. ತೆಗುದ್ರೆ ನನ್ನೇ ಮೊದ್ಲು ತೆಗೀಲಿ. ಭೀಮನಬೀಡಲ್ಲಿ ನಂಗ ಎರಡು ಮೇಕೆ ಅವೆ, ಮೇಯುಸ್ಕಂಡಿರ್ತೀನಿ."

ಆಮೇಲೆ ಎಲ್ಲರೂ ಬರೆಸಿದೆವು.

ವಿಚಾರಣೆಗೆ ಕಾರ್ಮಿಕ ಅಧಿಕಾರಿ ಮೇಡಂ ಒಂದು ದಿನ ಕಾರ್ಖಾನೆಗೇ ಬಂದರು. ಕ್ಯಾಂಟೀನಿನ ಹಾಲಿನಲ್ಲೇ ಮೇಜು ಹಾಕಿದ್ದರು. ನಮಗೆ ಕೆಲಸ ಹೇಳುವವರು ಯಾರು ಎಂಬುದೇ ಅವತ್ತಿನ ಪ್ರಶ್ನೆ. ಕಾರ್ಖಾನೆಯವರೇ ಹೇಳುತ್ತಾರೆಂದು ತೋರಿದರೆ ನಾವು ಕಾರ್ಖಾನೆಯವರು. ಇಲ್ಲವಾದರೆ ಕೇಸೂ ಹೋಯಿತು, ಕೆಲಸವೂ ಹೋಯಿತು. ಮ್ಯಾನೇಜರ್ ಸಾಹೇಬರು ಓದಿಕೊಂಡು ಬಂದವರಂತೆ, "ಅಡುಗೆಮನೆಯ ವಿಷಯದಲ್ಲಿ ನಾವು ತಲೆಹಾಕುವುದೇ ಇಲ್ಲ ಮೇಡಂ. ಎಲ್ಲ ಕಂಟ್ರಾಕ್ಟರಿಗೆ ಬಿಟ್ಟಿದ್ದು" ಎಂದರು. ಮಾದಕ್ಕ ಎದ್ದು ಒಳಗೆ ಹೋಗಿಬಿಟ್ಟರು. ಇವರೂ ಸೋತರಲ್ಲ ಎಂದುಕೊಂಡೆ.

ಮಾತು ನಡೆಯುತ್ತಲೇ ಇತ್ತು. ಮಾದಕ್ಕ ಹೊರಗೆ ಬಂದು, ಅರ್ಧ ಮುದ್ದೆ, ಬಸ್ಸಾರು ಹಾಕಿದ್ದ ತಟ್ಟೆಯನ್ನು ಸಾಹೇಬರ ಮುಂದಿಟ್ಟು, ದಿನದಂತೆ ಕೈ ಕಟ್ಟಿಕೊಂಡು ನಿಂತರು. ಸಾಹೇಬರ ಕೈ ತಾನಾಗಿಯೇ ತಟ್ಟೆಗೆ ಹೋಯಿತು. ಒಂದು ತುತ್ತು ನುಂಗಿದರು.

"ಉಪ್ಪು ಕಮ್ಮಿ. ಮತ್ತೆ ನಾಳೆ ಬಸ್ಸಾರು ಬೇಡ, ಹುಳಿ ಮಾಡಿ. ಮುದ್ದೆ ಸಾಲಿಗೆ ಇನ್ನೊಬ್ಬರನ್ನು ಹಾಕಿಕೊಳ್ಳಿ."

"ಆಯ್ತು ಸಾ" ಎಂದು ಮಾದಕ್ಕ ಒಳಗೆ ಹೋದರು.

ಅಧಿಕಾರಿ ಮೇಡಂ ಪೆನ್ನು ಹಿಡಿದೇ ಕೇಳಿದರು, "ದಿನಾ ಹೀಗೇನಾ?"

"ದಿನಾ" ಎಂದುಬಿಟ್ಟರು ಸಾಹೇಬರು. ಆಮೇಲೆ ಅವರ ಮುಖ ನೋಡಬೇಕಿತ್ತು.

ಮೇಡಂ ಕಂಟ್ರಾಕ್ಟರನ ಕಡೆ ತಿರುಗಿ, ನೀವು ಇಲ್ಲಿ ಊಟ ಮಾಡಿದ್ದೀರಾ ಎಂದರು. "ನನಗೆ ಹೊರಗಿನ ಊಟ ಒಗ್ಗಲ್ಲ ಮೇಡಂ" ಎಂದ. ಒಳಗೆ ಉಪ್ಪಿನ ಡಬ್ಬಿ ಸದ್ದಾಯಿತು.

ಮರುದಿನದಿಂದ ರುಚಿ ತಟ್ಟೆ ಬೇಡವೆಂದು ಆಡಳಿತದಿಂದ ಹೇಳಿಕಳಿಸಿದರು. ಅಷ್ಟು ಹೊತ್ತಿಗೆ ಮೇಡಂ ಬರೆದುಕೊಂಡದ್ದು ಬರೆದುಕೊಂಡಾಗಿತ್ತು. ಆದೇಶಕ್ಕೆ ಬಹಳ ಕಾದೆವು, ಆದರೆ ನಮ್ಮ ಪರವಾಗಿಯೇ ಬಂತು. ನನ್ನ ಮಗಳು ಇವತ್ತು ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿರುವುದು ಆ ಸಂಬಳದಲ್ಲಿ. ದೇವರ ಮುಂದೆ ದೀಪ ಹಚ್ಚುವಾಗ ಮಾದಕ್ಕನನ್ನೂ ನೆನೆಯುತ್ತೇನೆ.

"ಬೇಕಂತ್ಲೇ ಮಾಡುದ್ರಾ ಅಕ್ಕ?" ಎಂದು ಎಷ್ಟೋ ಸಲ ಕೇಳಿದ್ದೇನೆ.

"ಸಾರು ಆರೋಯ್ತಿತ್ತು ಕಣಮ್ಮಿ. ಅವ್ರ ಮಾತು ಮುಗಿಯೋಗಂಟ ಕಾಯ್ಕಂಡಿದ್ರೆ ಜನ ತಣ್ಣಗಿರೋದ ತಿನ್ಬೇಕಾಯ್ತಿತ್ತು, ಬುಡು." ಇದಕ್ಕಿಂತ ಹೆಚ್ಚು ಅವರ ಬಾಯಿಂದ ಹೊರಡಲಿಲ್ಲ.

ಮಾದಕ್ಕ ಈಗ ಭೀಮನಬೀಡಿನಲ್ಲಿ ನಿಜವಾಗಿಯೂ ಮೇಕೆ ಮೇಯಿಸಿಕೊಂಡಿದ್ದಾರೆ. ಅವರಿಲ್ಲದ ಅಡುಗೆಮನೆಯಲ್ಲಿ ಬೈಯುವವರಿಲ್ಲದೆ ನನಗೆ ಕೈಯೇ ಓಡುವುದಿಲ್ಲ.

ಮೊದಲೆಲ್ಲ ಕ್ಯಾಂಟೀನಿನವರು ಬಿಟ್ಟುಹೋದರೆ ಮಾರನೆ ದಿನ ಬರುತ್ತಿರಲಿಲ್ಲ, ಅಷ್ಟೇ. ನಿವೃತ್ತಿ ಎಂದು ಖಾಯಂ ನೌಕರರಂತೆ ಹಾರ, ಶಾಲು ಹಾಕಿಸಿಕೊಂಡವರಲ್ಲಿ ಮಾದಕ್ಕನೇ ಮೊದಲಿಗರು. ಇಷ್ಟು ವರ್ಷವೂ ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ನಿಂತು ಉಂಡವರು, ಅವತ್ತು ಹಾಲಿನ ಮೇಜಿನ ಮುಂದೆ, ಸಾಹೇಬರ ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಆದೇಶದ ನಂತರ ರುಚಿ ತಟ್ಟೆ ಮತ್ತೆ ಶುರುವಾಗಿತ್ತು. ನಾನು ಅದನ್ನು ತಂದವಳು ಸಾಹೇಬರನ್ನು ದಾಟಿ ಹೋಗಿ ಮಾದಕ್ಕನ ಮುಂದಿಟ್ಟು ಕೈ ಕಟ್ಟಿ ನಿಂತೆ.

ಅವರು ನನ್ನನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿದರು. ನಿಧಾನವಾಗಿ ಒಂದು ತುತ್ತು ಮುರಿದು ನುಂಗಿದರು.

"ಉಪ್ಪು ಕಮ್ಮಿ ಕಣಮ್ಮಿ."

ಹಾಲಿಗೆ ಹಾಲೇ ನಕ್ಕಿತು, ಸಾಹೇಬರೂ ನಕ್ಕರು. ಉಪ್ಪು ಸರಿಯಾಗಿದೆಯೆಂದು ಮಾದಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಒಳಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಿಟಿಕೆ ಹಾಕಿಯೇ ಬಂದೆ.