ಕೆರೆಯಲ್ಲೂ ನನ್ನ ಬಾವಿ

ಗೆಳೆಯರೇ, ನಾನು ಈಜು ಕಲಿತದ್ದು ಮಹಾಗಾಂವದ ದುಂಡು ಬಾವಿಯಲ್ಲಿ, ಗೋಡೆಗುಂಟ ಸುತ್ತು ಹಾಕುತ್ತ. ಮುಂದಿನ ವಾರ ಟ್ರಯಾತ್ಲಾನ್: ಈಜು, ಸೈಕಲ್, ಓಟ. ಅದಕ್ಕೇ ಇವತ್ತು ಬೆಳಿಗ್ಗೆ ಮೊದಲ ಸಲ ಕಮಲಾಪುರದ ಕೆರೆಗೆ ಇಳಿದೆ. ಆಚೆ ದಂಡೆಯಲ್ಲಿ ಸ್ಟೇಶನ್ ಬಜಾರದ ಸೈಕಲ್ ಅಂಗಡಿಯ ಖಾಜಾ ಭಾಯ್ ನನ್ನ ಸೈಕಲ್ ಹಿಡಿದು ನಿಂತಿದ್ದರು. ನೀರು ಬೆಚ್ಚಗಿತ್ತು. ಮೋಡಗಳೂ ನನ್ನ ಜೊತೆಗೇ ಈಜುತ್ತಿದ್ದವು. ನಡುನಡುವೆ ತಲೆಯೆತ್ತಿ ದಂಡೆ ನೋಡಬೇಕೆಂಬುದೇ ಮರೆತುಹೋಯಿತು. ಕೊನೆಗೆ ಕಾಲಿಗೆ ನೆಲ ತಾಕಿತು. ಎದ್ದು ನೋಡಿದರೆ ಎದುರಿಗೆ ನಾನು ಬಿಟ್ಟುಹೋದ ಚಪ್ಪಲಿ!

ಆಚೆಯಿಂದ ಖಾಜಾ ಭಾಯ್ ಕೂಗಿದರು: "ಅರೇ, ಸೀದಾ ಬಾ ಅಂದ್ರ ಸುತ್ತು ಹೊಡದು ಅಲ್ಲೇ ಹತ್ತಿದ್ಯಲ್ಲೋ!"

"ಕೈ ತಾವೇ ತಿರಗತಾವ್ರೀ ಭಾಯ್!"

ಸ್ಪರ್ಧೆಯ ದಿನ ಅವರು ಸೈಕಲ್ಲನ್ನು ನಾನು ನೀರಿಗಿಳಿಯುವ ದಂಡೆಯಲ್ಲೇ ನಿಲ್ಲಿಸುತ್ತಾರಂತೆ.